ಎಡಗೈಯ ಗವಸು

ಕಿಟಕಿಯಾಚೆ ಕ್ವಿರಿಲಾ ನದಿ,
ಮ್ಯಾಂಗನೀಸ್ ತೊಳೆದು ತೊಳೆದು ಕಪ್ಪಾದದ್ದು.
ನಮ್ಮ ಮಕ್ಕಳು ನದಿ ಬಿಡಿಸಿದರೆ
ನೀಲಿ ಕ್ರೇಯಾನು ವರ್ಷವಿಡೀ ಹೊಸದಾಗಿಯೇ ಉಳಿಯುತ್ತದೆ.

ಇಲಾಖೆಯ ಕೈಪಿಡಿ, ಪುಟ ಮೂವತ್ತನಾಲ್ಕು:
ಪಾರಿವಾಳ ಎಂದರೆ ಶಾಂತಿ. ಕಪ್ಪು ಎಂದರೆ ಸಾವು.
ಎಡಗಡೆ ವಸ್ತು, ಬಲಗಡೆ ಅರ್ಥ,
ಹೊಂದಿಸಿ ಬರೆಯಿರಿ.
ಹದಿನೇಳು ವರ್ಷ ಹೊಂದಿಸಿ ಬರೆಸಿದೆ.
ಕಪ್ಪು ಸಾವಂತೆ.
ಈ ಕಣಿವೆಯಲ್ಲಿ ಕಪ್ಪು ಎಂದರೆ ಸಂಬಳ,
ಬಟ್ಟೆ ಒಗೆಯುವ ಸೋಮವಾರ,
ಅಪ್ಪಂದಿರ ಕತ್ತಿನ ಹಿಂದೆ
ಯಾವ ಸೋಪಿಗೂ ಬಗ್ಗದ ಒಂದು ಗೆರೆ.

ಈ ಸಲ ಪುಸ್ತಕ ಮುಚ್ಚಿ ಬುಟ್ಟಿ ತಂದೆ:
ಒಂದು ಅಕ್ರೋಟು, ತುಕ್ಕಿನ ಬೀಗ, ಮುರಿದ ಬಾಚಣಿಗೆ,
ಉರಿಯದ ಟಾರ್ಚು, ಯಾರದೋ ಎಡಗೈಯ ಗವಸು.
ನಿಮಗೇನನಿಸುತ್ತದೆ ಅಂತ ಬರೆಯಬೇಡಿ, ಎಂದೆ.
ಅದಕ್ಕೇನನಿಸುತ್ತದೆ, ಕೇಳಿ.

‘ಬಾಚಣಿಗೆಗೆ ಬಾಯಿದೆಯಾ ಟೀಚರ್?’
‘ಹಲ್ಲಿದೆಯಲ್ಲ!’ ಹಿಂದಿನ ಬೆಂಚಿನಿಂದ ಬದ್ರಿ.
ತರಗತಿಯೆಲ್ಲ ನಗು.
ನಗದೆ ಅದನ್ನೇ ಎತ್ತಿಕೊಂಡ ಲಮ್ಜಿರಾ ಬರೆದಳು:
‘ಅಜ್ಜಿಗೆ ಮತ್ತೆ ಕೂದಲು ಬರುವ ತನಕ
ನಾನು ಡ್ರಾಯರಿನಲ್ಲಿ ನಿದ್ದೆ ಮಾಡುತ್ತೇನೆ.’
ಓದಿ ಮುಗಿಸಿ
ತನ್ನ ಜಡೆಯ ತುದಿ ಬಾಯಲ್ಲಿಟ್ಟುಕೊಂಡಳು.
ಬದ್ರಿಯೂ ಸುಮ್ಮನಾದ.

ಗವಸು ಹಿಡಿದು ಕೂತವನು ಉಚಾ, ಒಂಬತ್ತು ವರ್ಷ.
ಅವನಪ್ಪ ಅಕ್ಟೋಬರಿನಲ್ಲಿ ಗಣಿಗೆ ಇಳಿದವನು ಮೇಲೆ ಬರಲಿಲ್ಲ.
ಊರಿಗೆಲ್ಲ ಗೊತ್ತು,
ಆದ್ದರಿಂದ ಯಾರೂ ಆಡುವುದಿಲ್ಲ.
ಅರ್ಧ ಗಂಟೆಗೆ ಮೂರು ಸಾಲು:

‘ಬಲಗೈಯದು ಹೇಳದೆ ಹೋಯಿತು.
ನಾನು ಮೊಳೆಗೆ ನೇತಾಡುತ್ತಾ ಇದ್ದೇನೆ.
ಇನ್ನು ಅದು ಬಂದರೂ ನಾನು ಜೊತೆಗೆ ಹೋಗಲ್ಲ.’

ನನ್ನ ಗಂಟಲು ಕಟ್ಟಿತು. ಬಗ್ಗಿ, ಮೆಲ್ಲಗೆ,
ಹದಿನೇಳು ವರ್ಷದ ಅಭ್ಯಾಸ, ಹೊಂದಿಸಿಬಿಟ್ಟೆ:
‘ಗವಸಿಗೆ ತುಂಬಾ ದುಃಖ, ಅಲ್ವಾ ಉಚಾ?’
ತಲೆಯೆತ್ತಲಿಲ್ಲ.
‘ದುಃಖ ಅಲ್ಲ. ಸಿಟ್ಟು.’

ಸತ್ತವರ ಮೇಲೆ ಸಿಟ್ಟಾಗಬಾರದು.
ಇಲ್ಲಿನ ಅಜ್ಜಿಯರೆಲ್ಲ ಹೇಳುವ ಮಾತು,
ನಾನೂ ಆ ಮನೆಯ ಬಾಗಿಲಲ್ಲಿ ನಿಂತು ಹೇಳಿಬಂದಿದ್ದೆ.
ಗವಸಿಗೆ ಯಾರೂ ಹೇಳಿರಲಿಲ್ಲ.

ಗುರುವಾರ ಕುತಾಯಿಸಿಯಿಂದ ಇನ್ಸ್‌ಪೆಕ್ಟರ್ ಬಂದರು,
ಗೆರೊಂಟಿ, ಒಳ್ಳೆಯವರೇ, ಶೀತವಾಗಿತ್ತು ಅವರಿಗೆ.
ಗೋಡೆಗಂಟಿಸಿದ ಸಾಲುಗಳನ್ನು ಎರಡು ಸಲ ಓದಿ,
‘ಇದು ಯಾವುದರ ಸಂಕೇತ, ಮಗು?’
ಉಚಾ ತನ್ನ ಬೂಟು ನೋಡಿಕೊಂಡ.
‘ಗವಸು ಅಂದ್ರೆ ಗವಸು.’
ಅವರು ಏನೋ ಬರೆದುಕೊಂಡರು, ಸೀನಿದರು.
ನನ್ನ ಹೆಸರಿನ ಮುಂದೆ ಒಂದು ಅಂಕ ಕಡಿಮೆ.
ಅಷ್ಟು ಖುಷಿ ನನಗೆ ಆ ಚಳಿಗಾಲದಲ್ಲಿ
ಬೇರೆ ಯಾವುದರಿಂದಲೂ ಆಗಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ನಿಜ.
ಆದರೆ ಅಂಗೈ ಬಿಚ್ಚಿ ತೋರಿಸು ಎನ್ನಲು ನಾನ್ಯಾರು?
ಒಲೆಯ ಮೇಲೆ ಪಾತ್ರೆ ಸುಡುತ್ತಿದೆ;
ಇಳಿಸಬೇಕಾದವರು ಅವರೇ.
ಒಂದು ಮಸಿಬಟ್ಟೆ ಕೊಡಬಹುದು, ಅಷ್ಟೆ.

ಸಂಜೆ ಮನೆಗೆ ಹಗ್ಗದ ಡಬ್ಬಿಯಲ್ಲಿ ಹೊರಟೆ.
ಕಣಿವೆಯ ನಟ್ಟನಡುವೆ ಕರೆಂಟು ಹೋಗಿ
ತೂಗುತ್ತಾ ನಿಂತಿತು.
ಆಪರೇಟರ್ ತ್ಸಿಯಾಲಾ ಹೆಣಿಗೆ ತೆಗೆದಳು,
ಅವಳಿಗೆ ಇದು ದಿನದ ಮಾತು.
ಕಾಲ ಕೆಳಗೆ ಕಪ್ಪು ನೀರು, ಬದಿಯಲ್ಲಿ ಖಾಲಿ ಬುಟ್ಟಿ.
ಖಾಲಿಯಲ್ಲ: ಯಾರೂ ಮುಟ್ಟದ ಅಕ್ರೋಟು ಇತ್ತು.
ಗವಸು ಇರಲಿಲ್ಲ. ಉಚಾ ಮರಳಿಸಿಲ್ಲ,
ನಾನೂ ಕೇಳಿಲ್ಲ.

ಯಾರದೋ ಗವಸು ಎಂದೆನಲ್ಲ, ಮೇಲೆ.
ಯಾರದೆಂದು ಗೊತ್ತು.
ಹನ್ನೊಂದು ವರ್ಷ ನನ್ನ ಮನೆಯ ಮೊಳೆಗೇ ಇತ್ತು.
ಅದಕ್ಕೇನನಿಸುತ್ತದೆ ಅಂತ
ಒಮ್ಮೆಯೂ ಕೇಳಿರಲಿಲ್ಲ.

‘ಚಳಿಯಾ?’ ಎಂದಳು ತ್ಸಿಯಾಲಾ, ಹೆಣಿಗೆಯಿಂದ ಕಣ್ಣೆತ್ತದೆ.
‘ಚಳಿ ಅಲ್ಲ,’ ಎಂದೆ.
ಮುಂದಿನ ಪದ ಬಾಯಿಗೆ ಬರುವ ಮೊದಲೇ
ಡಬ್ಬಿ ಒಮ್ಮೆ ಜಗ್ಗಿ
ಹೊರಟಿತು.